ಗಾಳಿ, ನೀರು ಚೆನ್ನಾಗಿರುವ ಊರು

ನನ್ನ ಮಗಳ ಓದು ಮುಗಿದುಹೋಗಿದೆ ಎಂಬ ಸುದ್ದಿ ನನಗೆ ತಿಳಿದದ್ದು ದೇವನಹಳ್ಳಿಯಲ್ಲಿ, ಬೇರೆಯವರ ಮನೆಯ ಜಗಲಿಯ ಮೇಲೆ, ಮಜ್ಜಿಗೆ ಕುಡಿಯುತ್ತಿದ್ದಾಗ.

ಹೇಳಿದವರು ಅವಳ ಹೆಡ್‌ಮಿಸ್ಟ್ರೆಸ್ ಅಲ್ಲ. ಅವಳು ಪರೀಕ್ಷೆಯಲ್ಲಿ ಫೇಲಾಗಿಯೂ ಇಲ್ಲ. ಫೋರ್ತ್ ಫಾರಂ ಪಾಸು ಮಾಡಿ, ಮುಂದಿನ ತರಗತಿಯ ಹಳೆಯ ಪುಸ್ತಕಗಳನ್ನು ಗೆಳತಿಯರ ಅಕ್ಕಂದಿರಿಂದ ಕೇಳಿ ತಂದು, ರಟ್ಟು ಹಾಕುತ್ತ ಕೂತಿದ್ದ ಹುಡುಗಿ. ಹೇಳಿದವರು ಅವಳ ತಂದೆ. ಅದೂ ನನಗಲ್ಲ, ಅವಳಿಗಲ್ಲ. ಬಾಡಿಗೆಗೆ ಮನೆ ತೋರಿಸುತ್ತಿದ್ದ ಗೌಡರಿಗೆ.

ತಾಳಿ, ಮೊದಲಿನಿಂದ ಹೇಳುತ್ತೇನೆ. ಸಿಟ್ಟಿನಲ್ಲಿ ಬರೆಯಲು ಕೂತರೆ ಹೀಗೇ ಆಗುತ್ತದೆ, ನಡುವಿನಿಂದ ಶುರುವಾಗಿಬಿಡುತ್ತದೆ.

ಯುದ್ಧ ಶುರುವಾದ ಮೇಲೆ ಬೆಂಗಳೂರು ಏನಾಗಿದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಅಕ್ಕಿಗೆ ಕ್ಯೂ, ಸಕ್ಕರೆಗೆ ಕ್ಯೂ, ಸೀಮೆಎಣ್ಣೆಗೆ ಕ್ಯೂ. ಕಿಟಕಿಗೆ ಕಪ್ಪು ಕಾಗದ. ನಮ್ಮ ಬೀದಿಯಲ್ಲಿ ಬೆಳಗಾದರೆ ಮಿಲಿಟರಿ ಲಾರಿಗಳ ಮೆರವಣಿಗೆ. ನಮ್ಮ ಯಜಮಾನರಿಗೆ ಮೊದಲೇ ದಮ್ಮು. ಲಾರಿ ಎಬ್ಬಿಸುವ ಧೂಳು ಬಂದು ಅವರ ಎದೆಯಲ್ಲೇ ಕೂರುತ್ತದೆ. ಎಷ್ಟೋ ಸಲ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಾರೆ. ಅವರ ಕಷ್ಟ ಸುಳ್ಳೆಂದು ನಾನು ಯಾವತ್ತೂ ಹೇಳಿಲ್ಲ, ಇವತ್ತೂ ಹೇಳುವುದಿಲ್ಲ.

ಈ ವರ್ಷ ಅವರಿಗೆ ಪೆನ್ಷನ್ ಆಗುತ್ತದೆ. ಕಚೇರಿ ಇಲ್ಲದ ಮೇಲೆ ಈ ಊರಿನಲ್ಲೇಕೆ ಇರಬೇಕು? ಒಂದು ಒಳ್ಳೆಯ ಚಿಕ್ಕ ಊರು ನೋಡಿ ಹೊರಟುಬಿಡೋಣ ಎಂದರು. ನಾನೂ ಆಗಲಿ ಎಂದೆ. ಅಷ್ಟೇ ನನ್ನನ್ನು ಕೇಳಿದ್ದು. ಯಾವ ಊರು ಎಂದು ನನ್ನನ್ನು ಯಾರೂ ಕೇಳಲಿಲ್ಲ.

ಊರಿನ ಆಯ್ಕೆ ನಡೆದದ್ದು ನಮ್ಮ ಜಗಲಿಯ ಮೇಲೆ. ಯಜಮಾನರು, ಎದುರುಮನೆಯ ರಾಯರು, ರಿಟೈರಾದ ಶೇಕದಾರ್ ಕೆಂಪಯ್ಯನವರು. (ಹೆಸರುಗಳನ್ನು ಬದಲಾಯಿಸಿದ್ದೇನೆ. ಸಿಟ್ಟನ್ನು ಬದಲಾಯಿಸಿಲ್ಲ.) ಮೂವರೂ ಸೇರಿ, ಹೆಣ್ಣು ನೋಡಲು ಹೋಗಿ ಬಂದವರು ಮಾತಾಡಿಕೊಳ್ಳುವ ಹಾಗೆ ಊರುಗಳನ್ನು ತೂಗಿದರು. ನೆಲಮಂಗಲ ಹತ್ತಿರವೇನೋ ಹೌದು, ಶಿವಗಂಗೆಗೂ ಹೋಗಿ ಬರಬಹುದು, ಆದರೆ ಹೆದ್ದಾರಿಯ ಮೇಲಿದೆ, ಅಲ್ಲೂ ಲಾರಿ ತಪ್ಪಿದ್ದಲ್ಲ. ಹೊಸಕೋಟೆಯ ಕೆರೆ ನೋಡಲು ಚೆಂದ, ಆದರೆ ಸೊಳ್ಳೆ, ಚಳಿಜ್ವರ. ದೊಡ್ಡಬಳ್ಳಾಪುರದಲ್ಲಿ ಜನ ಒಳ್ಳೆಯವರು, ಆದರೆ ಮನೆಮನೆಯಲ್ಲೂ ಮಗ್ಗ, ಮಧ್ಯಾಹ್ನ ಮಲಗಿದರೆ ಕಿವಿಯಲ್ಲಿ ಲಾಳಿ ಓಡಿದಂತಾಗುತ್ತದೆ.

ಕೊನೆಗೆ ಉಳಿದದ್ದು ದೇವನಹಳ್ಳಿ. ಕೋಟೆ ಇದೆ. ಬಾವಿಯ ನೀರು ಸಿಹಿ. ಗಾಳಿ ಒಣ, ದಮ್ಮಿಗೆ ಒಳ್ಳೆಯದು. ಚಿಕ್ಕ ರೈಲು ಇದೆ, ಇದ್ದಲಿನ ಗ್ಯಾಸಿನಲ್ಲಿ ಓಡುವ ಬಸ್ಸನ್ನು ನಂಬಿಕೊಂಡು ದಾರಿಯಲ್ಲಿ ಕೂರಬೇಕಾಗಿಲ್ಲ. ಸಾಯಂಕಾಲ ಪೇಪರ್ ಓದಲು ಒಂದು ರೀಡಿಂಗ್ ರೂಮು, ಇಸ್ಪೀಟಿಗೆ ನಾಲ್ಕು ಜನ ಪೆನ್ಷನ್‌ದಾರರು. ಇನ್ನೇನು ಬೇಕು?

ನಾನು ಬೆಲ್ಲದ ಕಾಫಿ ತಂದುಕೊಟ್ಟೆ. ಕುಡಿದು, ತೀರ್ಮಾನ ಮಾಡಿ ಎದ್ದರು.

ನಾನು ಹುಟ್ಟಿದ್ದು ಶಿವಗಂಗೆ ಬೆಟ್ಟದ ಬುಡದ ಒಂದು ಹಳ್ಳಿಯಲ್ಲಿ. ಗಾಳಿಯ ವಿಷಯ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗಾಳಿ ಬಹಳ ಚೆನ್ನಾಗಿತ್ತು. ಆ ಗಾಳಿಯಲ್ಲಿ ಬೆಳೆದ ನನ್ನ ಓರಗೆಯ ಹುಡುಗಿಯರಲ್ಲಿ ಅಕ್ಷರ ಕಲಿತವಳು ನಾನೊಬ್ಬಳು. ಅದಕ್ಕೂ ಗಾಳಿ ಕಾರಣವಲ್ಲ. ಮಕ್ಕಳಿಲ್ಲದ ಸೋದರಮಾವ ನನ್ನನ್ನು ಬೆಂಗಳೂರಿಗೆ ಕರೆದುಕೊಂಡು ಬಂದದ್ದು ಕಾರಣ. ಆದ್ದರಿಂದಲೇ ಚಿಕ್ಕ ಊರಿನ ಗುಣಗಾನ ಕೇಳಿದಾಗಲೆಲ್ಲ ನನಗೆ ಒಂದು ಪ್ರಶ್ನೆ ಬರುತ್ತದೆ. ಇದನ್ನು ಹೇಳುತ್ತಿರುವವರು ಆ ಊರಿನಲ್ಲಿ ನೀರು ಸೇದುವವರೋ, ಸೇದಿಟ್ಟ ನೀರು ಕುಡಿಯುವವರೋ?

ಆದರೂ ಹೊರಟೆ. ಬೇಸಿಗೆ ರಜೆಯ ಒಂದು ಭಾನುವಾರ, ಕೆಂಪಯ್ಯನವರನ್ನು ಮುಂದಿಟ್ಟುಕೊಂಡು, ನಾವು ಮೂವರೂ ಚಿಕ್ಕ ರೈಲು ಹತ್ತಿದೆವು. ಮಗಳು ಸರೋಜನಿಗೆ ಬಹಳ ಸಂತೋಷ. ಅವಳು ಕೋಟೆಗಳ ವಿಷಯ ಓದಿದ್ದಳೇ ಹೊರತು ಕೋಟೆಯೊಳಗಿನ ಬೀದಿಯಲ್ಲಿ ನಡೆದಿರಲಿಲ್ಲ. ಕಿಟಕಿಯ ಪಕ್ಕ ಕೂತು, ಅಲ್ಲಿಂದ ದಿನಾ ರೈಲಿನಲ್ಲಿ ಸ್ಕೂಲಿಗೆ ಬರಲು ಆಗುತ್ತದೆಯೇ, ಇಲ್ಲವೇ ಅಲ್ಲೇ ಹೈಸ್ಕೂಲು ಇದೆಯೇ ಎಂದು ತಂದೆಯನ್ನು ಕೇಳಿದಳು. ಎಲ್ಲ ಇರುತ್ತೆ, ಅಲ್ಲಿ ಹೋಗಿ ನೋಡೋಣ ಎಂದರು. ಆ ಉತ್ತರವನ್ನು ನಾನೂ ನಂಬಿದೆ.

ಮನೆ ಕೋಟೆಯೊಳಗಿತ್ತು. ಮಾಲೀಕರಾದ ಗೌಡರ ಸ್ವಂತ ಮನೆಗೆ ಅಂಟಿಕೊಂಡ ಹಾಗೆ. ಜಮೀನುದಾರರು, ನಮ್ಮ ಕಡೆಯವರೇ, ಎಲ್ಲೋ ದೂರದಲ್ಲಿ ನೆಂಟಸ್ತಿಕೆಯೂ ಸಿಕ್ಕಿತು. ಮನೆ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಅಗಲವಾದ ಜಗಲಿ, ಮರದ ಕಂಬಗಳು, ನಡುಮನೆಗೆ ಬೆಳಕು. ಹಿತ್ತಿಲಿನಲ್ಲಿ ಎರಡು ಮನೆಗೂ ಸೇರಿದ ಬಾವಿ, ಒಂದು ಚಕ್ಕೋತದ ಮರ. ಗಂಡಸರು ಜಗಲಿಯಲ್ಲಿ ಕೂತು ಎದೆ ತುಂಬ ಉಸಿರೆಳೆದು ನೋಡಿದರು. ನಾನು ಒಳಗೆ ಹೋಗಿ ಪಾಯಖಾನೆ ಎಲ್ಲಿ ಎಂದು ಕೇಳಿದೆ. ಇಲ್ಲ. ಕೋಟೆಯ ಹಿಂದೆ ಬಯಲು. ಹೆಂಗಸರು ನಸುಕಿನಲ್ಲೇ ಎದ್ದು ಹೋಗಿ ಬರಬೇಕು. ನಮ್ಮ ಜಗಲಿಯ ಸಭೆಯಲ್ಲಿ ಇದು ಚರ್ಚೆಗೆ ಬಂದಿರಲಿಲ್ಲ. ಹೇಗೆ ಬಂದೀತು?

ಅದನ್ನಾದರೂ ಕಟ್ಟಿಸಿಕೊಳ್ಳಬಹುದು ಎಂದುಕೊಂಡು ಹೊರಗೆ ಬಂದೆ. ಮಜ್ಜಿಗೆ ಬಂತು. ಗೌಡರು ಸರೋಜನ ಕಡೆ ನೋಡಿ, ಒಳ್ಳೆಯ ಮನಸ್ಸಿನಿಂದಲೇ ಕೇಳಿದರು. (ಹಳ್ಳಿಯ ಕಡೆ ಹೆಣ್ಣುಮಗುವನ್ನೂ ಮಗ ಎನ್ನುತ್ತಾರೆ.)

"ಮಗ ಏನ್ ಓದ್ತಾವ್ಳೆ?"

ಯಜಮಾನರು ಲೋಟ ಕೆಳಗಿಡದೆ ಹೇಳಿದರು. "ಓದು ಮುಗೀತು ಅಂತ್ಲೇ ಇಟ್ಕೊಳಿ. ಇಲ್ಲಿಗೆ ಬಂದ್ಮೇಲೆ ಮನೇಲಿ ಅವರಮ್ಮಂಗೆ ಜೊತೆಯಾಗಿರ್ತಾಳೆ."

ಕೆಂಪಯ್ಯನವರು ಹೌದೆಂದು ತಲೆಯಾಡಿಸಿದರು. ಗೌಡರೂ ತಲೆಯಾಡಿಸಿದರು. ಮೂರು ತಲೆಗಳು. ಹುಡುಗಿಯ ಓದು ಮುಗಿಯಿತು.

ಸರೋಜ ಅರ್ಧ ಕುಡಿದ ಲೋಟವನ್ನು ಮೆಲ್ಲಗೆ ಕೆಳಗಿಟ್ಟು, ಎದ್ದು, ಹಿತ್ತಿಲಿನ ಕಡೆ ಹೋದಳು. ಅವಳ ಬೆನ್ನು ನೋಡಿದೆ. ಬೈದರೆ ಅಳುವ ವಯಸ್ಸು ದಾಟಿದೆ, ಎದುರು ಮಾತಾಡುವ ವಯಸ್ಸು ಇನ್ನೂ ಬಂದಿಲ್ಲ. ನಡುವೆ ಇರುವ ಹುಡುಗಿಯ ನಡಿಗೆ ಹೇಗಿರುತ್ತದೆ ಎಂದು ಅವತ್ತು ಕಂಡೆ.

ಗಂಡಸರ ಎದುರಿಗೆ, ಅದೂ ಪರಸ್ಥಳದಲ್ಲಿ, ನಾನು ಯಜಮಾನರ ಮಾತಿಗೆ ಅಡ್ಡ ಮಾತಾಡಿದವಳಲ್ಲ. ಅವತ್ತು ಆಡಿದೆ.

"ಸರೋಜನ ಓದು ಮುಗಿದಿಲ್ಲ. ಈ ಮನೆ ನೋಡೋದು ಮುಗೀತು" ಎಂದೆ.

ಕೆಂಪಯ್ಯನವರಿಗೆ ಕೆಮ್ಮು ಬಂತು. ಗೌಡರು ಬೀದಿಯಲ್ಲಿ ಹೋಗುತ್ತಿದ್ದ ಎತ್ತಿನ ಗಾಡಿಯನ್ನು ಬಹಳ ಆಸಕ್ತಿಯಿಂದ ನೋಡಿದರು. ಯಜಮಾನರು ಮನೆಗೆ ಹೋಗಿ ಮಾತಾಡೋಣ ಎಂದು ಹಲ್ಲು ಕಚ್ಚಿ ಹೇಳಿದರು. ಆದರೆ ಮನೆಗೆ ಹೋಗುವುದು ಹೇಗೆ? ರೈಲು ಇರುವುದು ಸಾಯಂಕಾಲಕ್ಕೆ. ಜಗಳವಾಡಿ ಧಡಧಡ ಎದ್ದು ಹೋಗುವ ಸೌಕರ್ಯವೂ ಚಿಕ್ಕ ಊರಿನಲ್ಲಿಲ್ಲ. ಜಗಳವಾಡಿದ ಮನೆಯಲ್ಲೇ ಕೂತು, ಅವರ ಮುದ್ದೆ, ಹುರುಳಿಕಾಳಿನ ಸಾರು ಊಟ ಮಾಡಿದೆವು. (ಸಾರು ಚೆನ್ನಾಗಿತ್ತು. ಅದು ಅಕ್ಕಯಮ್ಮನ ಕೈಯದು, ಗೌಡರದಲ್ಲ.)

ಅಕ್ಕಯಮ್ಮ ಎಂದರೆ ಗೌಡರ ಹೆಂಡತಿ. ಊಟವಾದ ಮೇಲೆ ನನ್ನನ್ನು ಹಿತ್ತಿಲಿಗೆ ಕರೆದುಕೊಂಡು ಹೋದರು. ಅಲ್ಲಿ ಬಾವಿಕಟ್ಟೆಯ ಮೇಲೆ ಸರೋಜ, ಅವಳ ಪಕ್ಕದಲ್ಲಿ ಅಕ್ಕಯಮ್ಮನ ಮಗಳು ಜಯಮ್ಮ. ಇಬ್ಬರದೂ ಸುಮಾರು ಒಂದೇ ವಯಸ್ಸು. ಜಯಮ್ಮನ ಕೈಯಲ್ಲಿ ಇದ್ದಲಿನ ತುಂಡು. ಕಟ್ಟೆಯ ಕಲ್ಲಿನ ತುಂಬ ಆಲ್ಜಿಬ್ರಾ.

ನಾನು ಕಣ್ಣರಳಿಸಿ ನೋಡಿದೆ. ಹುಡುಗಿ ಮಿಡ್ಲ್ ಸ್ಕೂಲು ಪಾಸು ಮಾಡಿ ಮನೆಯಲ್ಲಿ ಕೂತಿದ್ದಾಳೆ. ಅವಳ ಅಣ್ಣ ಊರಿನ ಹೈಸ್ಕೂಲಿಗೇ ಹೋಗುತ್ತಾನೆ. ಅವನ ಲೆಕ್ಕಗಳನ್ನೆಲ್ಲ ಮನೆಯಲ್ಲಿ ಮಾಡಿಕೊಡುವುದು ಇವಳು. ಅಲ್ಲಿ ಮೇಷ್ಟರು ತಟ್ಟುವುದು ಅವನ ಬೆನ್ನನ್ನು.

ಹಾಗಾದರೆ ಇವಳನ್ನೇಕೆ ಕಳುಹಿಸಲಿಲ್ಲ? ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುವುದಿಲ್ಲವೇ? ಕೇಳಿದೆ. ಹಾಗೇನೂ ಇಲ್ಲ ಎಂದರು ಅಕ್ಕಯಮ್ಮ. ಸೇರಿಸಿಕೊಳ್ಳುತ್ತಾರಂತೆ. ಮೇಷ್ಟರೇ ಒಮ್ಮೆ ಮನೆಗೆ ಬಂದು ಕಳುಹಿಸಿ ಎಂದು ಹೇಳಿ ಹೋಗಿದ್ದರಂತೆ. ಆದರೆ ಯಾರೂ ಕಳುಹಿಸಿಲ್ಲ. ಯಾರೂ ಕಳುಹಿಸಿಲ್ಲವಾದ್ದರಿಂದ ಇವರೂ ಕಳುಹಿಸಿಲ್ಲ. ಇವರು ಕಳುಹಿಸಿಲ್ಲವಾದ್ದರಿಂದ ಇನ್ನೊಬ್ಬರೂ ಕಳುಹಿಸಿಲ್ಲ. ಬಾಗಿಲಿಗೆ ಬೀಗವಿಲ್ಲ. ಆದರೂ ಒಬ್ಬ ಹುಡುಗಿಯೂ ಒಳಗೆ ಹೋಗಿಲ್ಲ. ಎಂಥ ಅಚ್ಚುಕಟ್ಟಾದ ವ್ಯವಸ್ಥೆ ನೋಡಿ.

ಅಕ್ಕಯಮ್ಮ ಜಗಲಿಯ ಕಡೆಗೊಮ್ಮೆ ನೋಡಿ, ನನ್ನ ಕೈ ಹಿಡಿದುಕೊಂಡರು.

"ಮನೆ ಬ್ಯಾಡ ಅನ್ಬ್ಯಾಡಿ ಕಣಮ್ಮ. ನೀವು ಬನ್ನಿ. ನಿಮ್ಮ ಮಗ ಇಲ್ಲಿಂದ ಸ್ಕೂಲಿಗೋದ್ರೆ, ಅದರ ಜೊತೆಗೆ ನಮ್ಮ ಜಯನೂ ಒಂಟೋಯ್ತಾಳೆ. ಒಬ್ಬಳೇ ಅಂತ ತಾನೆ ಇವರು ಬ್ಯಾಡ ಅನ್ನದು?"

ಆ ಹುಡುಗಿ ನನ್ನ ಮುಖ ನೋಡಲಿಲ್ಲ. ಕಟ್ಟೆಯ ಮೇಲಿನ ಲೆಕ್ಕವನ್ನು ನೋಡುತ್ತಿದ್ದಳು. ಕೈಯಲ್ಲಿದ್ದ ಇದ್ದಲಿನ ತುಂಡು ಮಾತ್ರ ನಿಂತುಬಿಟ್ಟಿತ್ತು.

ಈಗ ನೀವೇ ಹೇಳಿ. ನಾನು ಬೆಳಗ್ಗೆ ಅಷ್ಟು ಜೋರಾಗಿ ಬೇಡ ಎಂದ ಮನೆ. ನನಗೆ ಆ ಜಗಲಿಯೂ ಬೇಡ, ಬಯಲೂ ಬೇಡ. ಆದರೆ ನಾನು ಬೇಡ ಎಂದು ರೈಲು ಹತ್ತಿದರೆ ನನ್ನ ಮಗಳ ಓದು ಉಳಿಯುತ್ತದೆ, ಈ ಮಗುವಿನದು ಹೋಗುತ್ತದೆ. ನಾನು ಬಂದರೆ ಇಬ್ಬರದೂ ಉಳಿಯಬಹುದು. ಸರೋಜನನ್ನು ಕೇಳಿದೆ. ಹುಡುಗರೇ ಇರುವ ಸ್ಕೂಲು, ನೀನು ಹೋಗುತ್ತೀಯಾ? ಅವಳು ಜಯಮ್ಮನ ಕಡೆ ನೋಡಿದಳು. ಇಬ್ಬರಿದ್ದರೆ ಹೋಗ್ತೀನಿ ಎಂದಳು.

ಸೀದಾ ಜಗಲಿಗೆ ಬಂದೆ. ಮನೆ ನಮಗೆ ಒಪ್ಪಿಗೆ ಎಂದೆ. ಯಜಮಾನರ ಮುಖ ಅರಳಿತು. ಮಾತು ಇನ್ನೂ ಮುಗಿದಿಲ್ಲ ಎಂದೆ. ಸ್ಕೂಲು ಶುರುವಾದ ದಿನ ಸರೋಜ ಇಲ್ಲಿಯ ಹೈಸ್ಕೂಲಿಗೆ ಹೋಗುತ್ತಾಳೆ, ಜೊತೆಗೆ ಜಯಮ್ಮನೂ ಹೋಗಲಿ, ದಿನಾ ನಾನೇ ಗೇಟಿನವರೆಗೆ ಬಿಟ್ಟು ಬರುತ್ತೇನೆ, ನಾನೇ ಕರೆದುಕೊಂಡು ಬರುತ್ತೇನೆ ಎಂದೆ. ಯಜಮಾನರು ನನ್ನನ್ನು ನೋಡಿದರು, ಊರನ್ನು ನೋಡಿದರು, ಆಗಲಿ ಎಂದರು. ಗೌಡರು ನಕ್ಕರು. "ನೋಡಾನ ಬಿಡ್ರಮ್ಮ" ಎಂದರು.

ನೋಡಾನ ಎಂದರೆ ಏನೆಂದು ನನಗೆ ಗೊತ್ತಿರಬೇಕಾಗಿತ್ತು. ಹಳ್ಳಿಯಲ್ಲಿ ಹುಟ್ಟಿದವಳು ನಾನು.

ವಾಪಸು ಬರುವಾಗ ರೈಲಿನಲ್ಲಿ ಯಜಮಾನರನ್ನು ಕೇಳಿದೆ. ಮಗಳನ್ನು ಬಿಡಿಸಬೇಕೆಂದು ಯಾವಾಗ ತೀರ್ಮಾನ ಮಾಡಿದಿರಿ? ಅವರಿಗೆ ನಿಜವಾಗಿಯೂ ಆಶ್ಚರ್ಯವಾಯಿತು. ತೀರ್ಮಾನ ಮಾಡಿರಲಿಲ್ಲವಂತೆ. ಅದರ ವಿಷಯ ಯೋಚನೆಯನ್ನೇ ಮಾಡಿರಲಿಲ್ಲವಂತೆ. ಗೌಡರು ಕೇಳಿದರು, ಬಾಯಿಗೆ ಬಂತು, ಹೇಳಿದರಂತೆ.

ಇದರಿಂದ ನನಗೆ ಇನ್ನೂ ಹೆಚ್ಚು ಉರಿಯಿತು. ಓದಿಸಬಾರದೆಂದು ಕೂತು ತೀರ್ಮಾನ ಮಾಡಿದ್ದರೆ ಜಗಳವಾಡಬಹುದಿತ್ತು, ವಾದ ಮಾಡಬಹುದಿತ್ತು. ಸೊಳ್ಳೆಯ ವಿಷಯ ಯೋಚಿಸಿದ್ದಾರೆ. ಮಗ್ಗದ ಸದ್ದಿನ ವಿಷಯ ಯೋಚಿಸಿದ್ದಾರೆ. ಇಸ್ಪೀಟಿಗೆ ಜೊತೆ ಸಿಕ್ಕುತ್ತದೆಯೇ ಎಂದು ವಿಚಾರಿಸಿದ್ದಾರೆ. ಮನೆಯಲ್ಲಿ ಓದುವ ಹುಡುಗಿಯೊಬ್ಬಳಿದ್ದಾಳೆ ಎನ್ನುವುದು ಮಾತ್ರ ನೆನಪಿಗೆ ಬಂದಿಲ್ಲ. ಮರೆತ ಕೊಡೆಯನ್ನು ಹಿಂದಿರುಗಿ ಹೋಗಿ ತರುತ್ತಾರೆ. ಮರೆತ ಮಗಳಿಗೆ ಏನು ಮಾಡುವುದು?

ಮುಂದಿನ ವಾರ ಸಾಮಾನು ಕಟ್ಟುವ ಮಾತು ಶುರುವಾಯಿತು. ಅಷ್ಟರಲ್ಲಿ ಕೆಂಪಯ್ಯನವರು ಬಂದರು. ಜಗಲಿಯ ಮೇಲೆ ಕೂರಲಿಲ್ಲ, ನಿಂತೇ ಹೇಳಿದರು. ಗೌಡರು ಮನೆ ಕೊಡುವುದಿಲ್ಲವಂತೆ. ನೆಂಟರು ಯಾರೋ ಬರುತ್ತಾರಂತೆ. ಅಲ್ಲದೆ ಜಯಮ್ಮನಿಗೆ ಗಂಡು ಗೊತ್ತಾಗಿದೆಯಂತೆ, ಮದುವೆಗೆ ಮನೆ ಬೇಕಂತೆ.

ಯಜಮಾನರಿಗೆ ಎಂಥ ಸಿಟ್ಟು ಬಂತೆನ್ನುತ್ತೀರಿ. ಇಷ್ಟು ವರ್ಷ ಸರ್ಕಾರಿ ಕೆಲಸ ಮಾಡಿದವನಿಗೆ, ನೆಂಟನಿಗೆ, ಮಾತು ಕೊಟ್ಟು ತಪ್ಪುವುದೆಂದರೇನು, ನನ್ನನ್ನು ಏನೆಂದುಕೊಂಡಿದ್ದಾನೆ ಎಂದು ಕೂಗಾಡಿದರು. ದಮ್ಮು ಹೆಚ್ಚಾಯಿತು. ಬಿಸಿನೀರು ಕಾಯಿಸಿಕೊಟ್ಟೆ. ಬಾಡಿಗೆ ಮನೆ ತಪ್ಪಿದ್ದಕ್ಕೆ ಬಂದ ಈ ಸಿಟ್ಟು, ಮಗಳ ಓದು ಮುಗೀತು ಎನ್ನುವಾಗ ಎಲ್ಲಿ ಹೋಗಿತ್ತು ಎಂದು ಕೇಳಬೇಕೆನಿಸಿತು. ಉಬ್ಬಸ ಪಡುತ್ತಿರುವವರನ್ನು ಕೇಳುವ ಮಾತಲ್ಲ ಅದು. ನುಂಗಿಕೊಂಡೆ. ಇಲ್ಲಿ ಬರೆಯುತ್ತಿದ್ದೇನೆ. (ಅವರು ಈ ಕಾಲಂ ಓದುತ್ತಾರೆ. ಓದಲಿ.)

ಮಾರನೆಯ ದಿನ ನಾನೊಬ್ಬಳೇ ರೈಲು ಹತ್ತಿ ದೇವನಹಳ್ಳಿಗೆ ಹೋದೆ.

ಏಕೆ ಹೋದೆ ಎಂದು ಕೇಳಬೇಡಿ. ಮನೆ ಕೇಳಲು ಅಲ್ಲ. ಆ ಹುಡುಗಿ ಇದ್ದಲಿನ ತುಂಡು ಹಿಡಿದು ಕೂತಿದ್ದದ್ದು ಕಣ್ಣಿನಿಂದ ಹೋಗಿರಲಿಲ್ಲ. ಮದುವೆಯಾಗುವುದೇ ನಿಜವಾದರೆ ಅವಳ ತಾಯಿಯ ಬಾಯಿಂದಲೇ ಕೇಳಿ ಬರಬೇಕೆನಿಸಿತು.

ಗೌಡರು ಜಗಲಿಯಲ್ಲೇ ಇದ್ದರು. ಮರ್ಯಾದೆಯಿಂದಲೇ ಮಾತಾಡಿಸಿದರು. ಚಾಪೆ ಹಾಕಿಸಿದರು. ಹೆಂಗಸರು ತೋಟಕ್ಕೆ ಹೋಗಿದ್ದಾರೆ, ಒಳಗೆ ಯಾರೂ ಇಲ್ಲ ಎಂದರು. ಒಳಗೆ ಒರಳುಕಲ್ಲಿನಲ್ಲಿ ಯಾರೋ ರುಬ್ಬುತ್ತಿರುವ ಸದ್ದು ಬೀದಿಗೆ ಕೇಳಿಸುತ್ತಿತ್ತು. ನಾನು ಚಾಪೆಯ ಮೇಲೆ ಕೂತೆ, ಏಳಲಿಲ್ಲ. ಆಮೇಲೆ ಅವರೇ ಬಾಯಿಬಿಟ್ಟರು.

"ನೋಡಿ ತಾಯಿ, ನಿಮ್ಮ ಮಗ ಓದ್ಲಿ. ಕಲೆಟ್ರೇ ಆಗ್ಲಿ, ನಂದೇನೂ ತಕರಾರಿಲ್ಲ. ನಮ್ಮ ಮನೇಲಿದ್ಕಂಡು ಓದದು ಮಾತ್ರ ಬ್ಯಾಡ. ಬೆಳಗಾದ್ರೆ ಅದು ಪುಸ್ತಕ ಇಡ್ಕಂಡು ಒಂಟೋಗದು ನಮ್ಮುಡುಗಿ ಕಣ್ಣಿಗೆ ಬೀಳ್ತದೆ."

ಇದಕ್ಕಿಂತ ಸ್ಪಷ್ಟವಾಗಿ ಯಾರು ಹೇಳಿಯಾರು? ಬೆಂಗಳೂರಿನಲ್ಲಿ ಸ್ತ್ರೀ ವಿದ್ಯಾಭ್ಯಾಸದ ವಿಷಯ ಭಾಷಣಗಳನ್ನು ಕೇಳಿದ್ದೇನೆ. ಪರವಾಗಿ ಮಾತಾಡಿದವರೂ ಇಷ್ಟು ಚೆನ್ನಾಗಿ ವಿಷಯವನ್ನು ಅರ್ಥ ಮಾಡಿಕೊಂಡಿರಲಿಲ್ಲ. ಓದಿನ ಭಯವಲ್ಲ ಅವರಿಗೆ. ತಮ್ಮ ಹುಡುಗಿ ಅದನ್ನು ದಿನಾ ನೋಡುತ್ತಾಳಲ್ಲ, ಆ ಭಯ.

ಕಣ್ಣಿಗೆ ಬಿದ್ದರೆ ಏನಾಗುತ್ತದೆ ಎಂದು ಕೇಳಿದೆ. ನೀವು ನಾಳೆ ರೈಲು ಹತ್ತಿ ಹೋಗಿಬಿಡುವವರು, ನಾವು ಈ ಊರಿನಲ್ಲೇ ಇರಬೇಕಾದವರು ಎಂದರು. ಓದಿದ ಹುಡುಗಿಗೆ ಈ ಕಡೆ ಗಂಡು ಸಿಕ್ಕುವುದಿಲ್ಲ, ಊರಿನವರು ಆಡಿಕೊಂಡು ನಗುತ್ತಾರೆ ಎಂದರು. ದನಿಯಲ್ಲಿ ಕೋಪವಿರಲಿಲ್ಲ. ನನಗೆ ಬುದ್ಧಿ ಹೇಳುವ ಹಾಗೆ, ನಿಧಾನವಾಗಿ ಹೇಳಿದರು. ಈಗ ಹೇಗೂ ಗಂಡು ಗೊತ್ತಾಗಿದೆಯಲ್ಲ, ಆ ಮಾತು ಬಿಡಿ ಎಂದರು.

ರುಬ್ಬುವ ಸದ್ದು ನಿಂತಿತು. ತೋಟಕ್ಕೆ ಹೋಗಿದ್ದ ಅಕ್ಕಯಮ್ಮ ಹೊಸಿಲಿನ ಮೇಲೆ ಬಂದು ನಿಂತರು. ಕೈಯಲ್ಲಿ ಹಿಟ್ಟು ಹಾಗೇ ಇತ್ತು.

"ಗಂಡು ಗೊತ್ತಾಗಿಲ್ಲ ಕಣಮ್ಮ. ಹುಡುಕಕ್ಕೂ ಹೋಗಿಲ್ಲ."

ಗಂಡನ ಎದುರಿಗೆ, ಬೀದಿಗೆ ಕೇಳುವಂತೆ. ಆ ಮನೆಯಲ್ಲಿ ಆ ಹೆಂಗಸು ಹಾಗೆ ಮಾತಾಡಿದ್ದು ಅದೇ ಮೊದಲಿರಬೇಕು. ಗೌಡರ ಮುಖ ನೋಡಿದರೆ ಹಾಗೆನಿಸಿತು. ಅವರು ಹೆಂಡತಿಯನ್ನು ಗದರಿಸಲಿಲ್ಲ. ಕೂತಲ್ಲಿಂದ ಎದ್ದು, ಹೆಗಲ ಮೇಲಿನ ವಲ್ಲಿಯನ್ನು ಕೊಡವಿ, ಮತ್ತೆ ಅಲ್ಲೇ ಕೂತರು.

ನಾನು ಅಕ್ಕಯಮ್ಮನಿಗೇ ಹೇಳಿದೆ. ಮನೆ ಕೊಡದಿದ್ದರೆ ಬೇಡ, ಹುಡುಗಿಯನ್ನು ನಮ್ಮಲ್ಲಿಗೆ ಕಳುಹಿಸಿ. ಬೆಂಗಳೂರಿನಲ್ಲಿ ಸರೋಜನ ಜೊತೆ ಹೆಣ್ಣುಮಕ್ಕಳ ಸ್ಕೂಲಿಗೇ ಹೋಗಲಿ. ನಾವು ಉಣ್ಣುವುದನ್ನು ಉಣ್ಣಲಿ. ನೆಂಟರ ಮನೆ, ಯಾರೂ ಏನೂ ಅನ್ನುವ ಹಾಗಿಲ್ಲ.

ಅಕ್ಕಯಮ್ಮ ಗಂಡನನ್ನು ನೋಡಿದರು. ಆಮೇಲೆ ನನ್ನನ್ನು.

"ನಾನು ಕಳಿಸ್ತೀನಿ ಅಂದ್ರೆ ಸಾಕಾಯ್ತದಾ ತಾಯಿ?"

ಉತ್ತರ ಕೊಡಬೇಕಾದವರು ಪಕ್ಕದಲ್ಲೇ ಕೂತಿದ್ದರು. ಬೇಡ ಎಂದೂ ಹೇಳಲಿಲ್ಲ, ಸರಿ ಎಂದೂ ಹೇಳಲಿಲ್ಲ. ಅಷ್ಟು ದೊಡ್ಡ ಮನೆಯಲ್ಲಿ, ಅಷ್ಟು ಅಗಲದ ಜಗಲಿಯಲ್ಲಿ, ಒಬ್ಬ ಗಂಡಸು ಸುಮ್ಮನಿದ್ದರೆ ಸಾಕು, ಒಬ್ಬ ಹುಡುಗಿಯ ಬಾಳು ನಿಂತ ಕಡೆಯೇ ನಿಲ್ಲುತ್ತದೆ.

ಕುಂಕುಮ ಇಟ್ಟುಕೊಂಡು ಹೊರಟೆ. ಬೀದಿಯ ತಿರುವಿನಲ್ಲಿ ಹಿಂದಿರುಗಿ ನೋಡಿದೆ. ಜಯಮ್ಮ ಬಾಗಿಲಲ್ಲಿ ತಾಯಿಯ ಹಿಂದೆ ನಿಂತಿದ್ದಳು. ಕೈ ಬೀಸಲಿಲ್ಲ. ನಾನೂ ಬೀಸಲಿಲ್ಲ. ಏನೆಂದು ಬೀಸುವುದು?

ಸ್ಟೇಷನ್ನಿನಲ್ಲಿ ಬಹಳ ಹೊತ್ತು ಕೂತಿದ್ದೆ. ಒಳ್ಳೆಯ ಗಾಳಿ ಬೀಸುತ್ತಿತ್ತು. ನನಗೆ ಅಷ್ಟು ಉಸಿರು ಕಟ್ಟಿದ್ದು ಬೆಂಗಳೂರಿನ ಯಾವ ಲಾರಿಯ ಹಿಂದೆಯೂ ಇಲ್ಲ.

ಇದೆಲ್ಲ ನಡೆದು ಈಗ ಸ್ಕೂಲು ಬಾಗಿಲು ತೆರೆದಿದೆ. ಸರೋಜ ಫಿಫ್ತ್ ಫಾರಮ್ಮಿಗೆ ಸೇರಿದ್ದಾಳೆ. ಸೇರಿಸಲು ಯಜಮಾನರೇ ಹೋಗಿದ್ದರು, ನಾನು ಹೇಳದೆಯೇ. ದಾರಿಯಲ್ಲಿ ಅವಳೊಂದಿಗೆ ಏನು ಮಾತಾಡಿದರೋ ಇಬ್ಬರೂ ನನಗೆ ಹೇಳಿಲ್ಲ. ಬರುವಾಗ ಅವಳಿಗೊಂದು ಹೊಸ ಜಾಮಿಟ್ರಿ ಬಾಕ್ಸು ಕೊಡಿಸಿಕೊಂಡು ಬಂದರು. ಅವರನ್ನು ಕ್ಷಮಿಸಿದ್ದೇನೆಯೇ ಎಂದು ಕೆಲವರು ಕೇಳುತ್ತಾರೆ. ಆ ಪ್ರಶ್ನೆ ಕೇಳಬೇಕಾದದ್ದು ಸರೋಜನನ್ನು.

ಜಯಮ್ಮ ಬಂದಿಲ್ಲ. ಮಲಗಲು ಅವಳಿಗೆಂದು ತೆಗೆದಿಟ್ಟ ಚಾಪೆ ಮೂಲೆಯಲ್ಲಿ ಸುತ್ತಿಕೊಂಡೇ ಇದೆ. ಸರೋಜ ಅದನ್ನು ಅಟ್ಟದ ಮೇಲೆ ಹಾಕಲು ಬಿಡುತ್ತಿಲ್ಲ.

ಎದುರುಮನೆಯ ರಾಯರು ಮಾತ್ರ ಧೈರ್ಯ ಬಿಟ್ಟಿಲ್ಲ. ಹೊಸಕೋಟೆಯ ಸೊಳ್ಳೆ ಈಗ ಮೊದಲಿನಷ್ಟಿಲ್ಲವಂತೆ, ಆವತಿಯ ಹತ್ತಿರ ಯಾರದೋ ಒಳ್ಳೆಯ ತೋಟದ ಮನೆ ಇದೆಯಂತೆ, ಹೋಗಿ ನೋಡಿ ಬರೋಣ ಎನ್ನುತ್ತಾರೆ. ಪೇಪರುಗಳಲ್ಲಿಯೂ ಈಚೆಗೆ ಇದೇ ಮಾತು. ನಗರ ಬಿಡಿ, ಚಿಕ್ಕ ಊರು ಸೇರಿ, ನೆಮ್ಮದಿಯಾಗಿರಿ. ಬರೆಯುವವರ ಹೆಸರು ನೋಡುತ್ತೇನೆ. ಎಲ್ಲ ಗಂಡಸರು. ಅವರಲ್ಲಿ ಒಬ್ಬರಾದರೂ, ಆ ನೆಮ್ಮದಿಯ ಊರಿನಲ್ಲಿ ಬೆಳಗ್ಗೆ ಸ್ಕೂಲಿನ ಗಂಟೆ ಹೊಡೆದಾಗ ಯಾರು ಹೊರಡುತ್ತಾರೆ, ಯಾರು ಒರಳ ಮುಂದೆ ಕೂರುತ್ತಾರೆ ಎಂದು ನೋಡಿ ಬಂದು ಬರೆದಿದ್ದಾರೆಯೇ?

ಯಜಮಾನರು ರಾಯರಿಗೆ ಏನು ಹೇಳುತ್ತಾರೋ ಎಂದು ನಡುಮನೆಯಿಂದ ಕಿವಿಗೊಟ್ಟು ಕೇಳಿದೆ. ಮೊದಲು ಅಲ್ಲಿ ಹೆಣ್ಣುಮಕ್ಕಳು ಹೈಸ್ಕೂಲಿಗೆ ಹೋಗುತ್ತಾರೆಯೇ ವಿಚಾರಿಸಿ ಎಂದರು. ರಾಯರು ನಕ್ಕು, ಅದನ್ನು ಯಾರು ಸ್ವಾಮಿ ವಿಚಾರಿಸುತ್ತಾರೆ ಎಂದರು. ಯಜಮಾನರು ನಗಲಿಲ್ಲ.

ಗೌಡರ ಆ ಮನೆ ಇಂದಿಗೂ ಖಾಲಿಯಾಗಿಯೇ ಇದೆಯಂತೆ. ನೆಂಟರು ಯಾರೂ ಬಂದಿಲ್ಲ. ಮರ್ಯಾದಸ್ಥ ಸಂಸಾರಕ್ಕೆ ಮಾತ್ರ ಕೊಡುತ್ತಾರೆಂದು ಕೆಂಪಯ್ಯನವರು ಎಲ್ಲರಿಗೂ ಹೇಳುತ್ತಿದ್ದಾರೆ. ಓದುವ ಹೆಣ್ಣುಮಗಳಿರುವ ಮರ್ಯಾದಸ್ಥರು ನಿಮ್ಮಲ್ಲಿ ಯಾರಾದರೂ ಇದ್ದರೆ, ಒಮ್ಮೆ ಹೋಗಿ ಬಾಡಿಗೆಗೆ ಕೇಳಿ ನೋಡುತ್ತೀರಾ?